ಹದಿನೇಳನೇ ಚುಕ್ಕಿ

"ಈ ಹದಿನೇಳನೇ ಚುಕ್ಕಿ ಯಾವ ಇಲಾಖೆದು ಸಾರ್?" ಸಂಶೋಧಕಿ ಪರದೆಯತ್ತ ಬೆರಳು ತೋರಿಸಿ ಕೇಳಿದಳು.

ಗೋದಾಮಿಗೆ ಬೆಂಕಿ ಬಿದ್ದ ದಿನ ಯಾರು ಯಾರಿಗೆ ಫೋನ್ ಮಾಡಿದರು ಎಂಬುದನ್ನೆಲ್ಲ ಆಕೆ ಚುಕ್ಕಿ, ಗೆರೆಗಳಲ್ಲಿ ಬಿಡಿಸಿ ತಂದಿದ್ದಳು. ಮುಂದಿನ ಸಲವಾದರೂ ತಂಡಗಳು ಹೊಂದಿಕೊಂಡು ಕೆಲಸ ಮಾಡಲಿ ಎಂದು ಮೇಲಿನವರೇ ಕರೆಸಿದ್ದರು. ಅಗ್ನಿಶಾಮಕ ಠಾಣೆಗೂ ಆಂಬುಲೆನ್ಸ್ ಪಡೆಗೂ ನಡುವೆ ಹೆಸರಿಗೂ ಒಂದು ಗೆರೆ ಇರಲಿಲ್ಲ. ಎರಡೂ ಕಡೆಯ ಗೆರೆಗಳು ಹೋಗಿ ಸೇರುತ್ತಿದ್ದದ್ದು ಆ ಹದಿನೇಳನೇ ಚುಕ್ಕಿಗೆ.

ಮೇಜಿನ ಈ ತುದಿಗೆ ಠಾಣಾಧಿಕಾರಿ, ಆ ತುದಿಗೆ ಆಂಬುಲೆನ್ಸ್ ಪಡೆಯ ಮುಖ್ಯಸ್ಥ. ಇಬ್ಬರೂ ಭಾವ-ಮೈದುನರು. ಕಾರಿನ ಮುಂದಿನ ಸೀಟಿನಲ್ಲಿ ಯಾರು ಕೂರಬೇಕು ಎಂಬಲ್ಲಿಂದ ಶುರುವಾದ ಮುನಿಸಿಗೆ ಎರಡು ವರ್ಷ ತುಂಬಿತ್ತು. ಮೀಸೆ ಹೊತ್ತ ಈ ಇಬ್ಬರು ಗಂಡಸರು ಉರಿಯುವ ಗೋದಾಮಿನ ಎದುರೂ ಮಾತು ಬಿಟ್ಟುಕೊಂಡೇ ನಿಂತಿದ್ದರು.

"ಕಂಟ್ರೋಲ್ ರೂಮಿನದಿರಬೇಕು," ಎಂದ ಆಂಬುಲೆನ್ಸ್ ಮುಖ್ಯಸ್ಥನಾದ ಮೈದುನ, ನೆಲ ನೋಡುತ್ತಾ.

"ಅಲ್ಲ ಸಾರ್, ಅದು ಇಲ್ಲಿದೆ. ಈ ನಂಬರ್ ಒಂದು ಗಂಟೇಲಿ ನಲವತ್ತು ಕರೆ ನಿಭಾಯಿಸಿದೆ. ಹನ್ನೊಂದು ನಿಮಿಷ ಮಾತ್ರ ಎತ್ತಿಲ್ಲ. ಅಷ್ಟೂ ಹೊತ್ತು ಆಂಬುಲೆನ್ಸ್ ಮುಂದಿನ ಗೇಟಲ್ಲಿತ್ತು, ಗಾಯಗೊಂಡ ವೆಲ್ಡರ್ ಹಿಂದಿನ ಗೇಟಲ್ಲಿ ಬಿದ್ದಿದ್ದ."

ಆ ವೆಲ್ಡರನ ಕಾಲು ಉಳಿದಿರಲಿಲ್ಲ.

ಠಾಣಾಧಿಕಾರಿ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಅದು... ನಮ್ಮನೆಯವಳ ನಂಬರ್. ಇವನ ಅಕ್ಕ. 'ಹಿಂದಿನ ಗೇಟಿಗೆ ಬರೋಕೆ ನಿನ್ನ ತಮ್ಮಂಗೆ ಹೇಳು' ಅನ್ನೋಕೆ ಮಾಡಿದ್ದೆ. ಅವಳು ಬಟ್ಟೆ ತರೋಕೆ ತಾರಸಿಗೆ ಹೋಗಿದ್ಳು."

ಆ ಸಂಜೆ 'ಒಂದು ಫೋನ್ ಎತ್ತೋಕೂ ಬರಲ್ವಾ ನಿಂಗೆ?' ಎಂದು ಹೆಂಡತಿಯ ಮೇಲೆ ಹರಿಹಾಯ್ದದ್ದನ್ನು ಅವನು ಹೇಳಲಿಲ್ಲ. ಅದೇ ಮಾತನ್ನು ತಾನೂ ಅಕ್ಕನಿಗೆ ಅಂದದ್ದನ್ನು ಮೈದುನನೂ ಹೇಳಲಿಲ್ಲ. ಸಂಶೋಧಕಿ ಪೆನ್ನಿನ ಮುಚ್ಚಳ ಹಾಕಿದಳು. ಏನೂ ಬರೆದುಕೊಳ್ಳಲಿಲ್ಲ.

ಹೊರಗೆ ಬಂದಾಗ ಭಾವ ಕಾರಿನ ಬೀಗ ತೆಗೆದು, "ಬಾ, ಮನೆಗೆ ಹೋಗೋಣ. ಮುಂದೆ ಕೂತ್ಕೋ," ಎಂದ.

ಮೈದುನ ಹಿಂದಿನ ಬಾಗಿಲು ತೆಗೆದು ಕೂತ.

ಠಾಣಾಧಿಕಾರಿಯ ಹೆಂಡತಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೊರಳಲ್ಲಿ ದಾರ, ದಾರದ ತುದಿಯಲ್ಲಿ ಫೋನು. ಬೆಂಕಿ ಬಿದ್ದ ದಿನದಿಂದ, ಅಂದರೆ ಮೂರು ತಿಂಗಳಿಂದ, ಬಚ್ಚಲಿಗೂ ಅದು ಜೊತೆಗೇ ಹೋಗುತ್ತಿತ್ತು. ಮೆಟ್ಟಿಲೇರಿ ಬಂದ ಗಂಡನನ್ನೂ ಅವನ ಹಿಂದೆ ನಿಂತ ತಮ್ಮನನ್ನೂ ಒಟ್ಟಿಗೆ ಕಂಡದ್ದೇ ತಡ, ಕೈಯಲ್ಲಿದ್ದ ಒದ್ದೆ ಅಂಗಿ ಕೆಳಗೆ ಬಿತ್ತು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ಇಲ್ಲ ರೀ, ನಿಮ್ಮಾಣೆ... ಈ ಸಲ ರಿಂಗೇ ಆಗ್ಲಿಲ್ಲ!"