ಬೊಂಬಾಯಿ ಮಾವನ ಇಂಗ್ಲಿಷ್ ಪರೀಕ್ಷೆ

ಹಳೆ ಸೂಟ್‌ಕೇಸಿನಿಂದ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಬೊಂಬಾಯಿಯಿಂದ ಬಂದಾಗಲೆಲ್ಲ ಮಾವ ಮನೆಯ ಮಕ್ಕಳಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಿದ್ದರು. ಗೆದ್ದವರನ್ನು ಓದಿಸಲು ತಮ್ಮ ಜೊತೆ ಕರೆದುಕೊಂಡು ಹೋಗುತ್ತಿದ್ದರು. ಅಕ್ಕ ಹೋದದ್ದು ಹಾಗೆಯೇ. "ಎಂತ ಕೇಂಡ್ರೂ ಗೊತ್ತಿಲ್ಲ ಅಂದೇಳ್ ಮಗಾ," ಎಂದು ಅಮ್ಮ ನನಗೆ ಬೆಳಿಗ್ಗೆಯೇ ಹೇಳಿದ್ದಳು.

ಆ ಮಧ್ಯಾಹ್ನ ತೆರೆದ ಸೂಟ್‌ಕೇಸಿನ ಪಕ್ಕ ಕೂತು ಮಾವ ನನ್ನನ್ನು ತಮ್ಮ ಮಂಡಿಗಳ ನಡುವೆ ನಿಲ್ಲಿಸಿ ಮೊಣಕೈ ಹಿಡಿದರು. "ಮರದಿಂದ ಇಳಿದು ಬಾ. ಇದನ್ನ ಇಂಗ್ಲಿಷಲ್ಲಿ ಹೇಳ್."

"ಗೊತ್ತಿಲ್ಲ."

"ಕಮ್ ಫ್ರಮ್ ದ ಟ್ರೀ. ಅಷ್ಟೂ ಬತ್ತಿಲ್ಯಾ? ಗಂಗೊಳ್ಳಿ ಬಂಗುಡೆ ಮೀನಿಗೂ ಬತ್ತ್."

ತಪ್ಪನ್ನು ಕೇಳಿಸಿಕೊಂಡು ಸುಮ್ಮನಿರುವುದು ನನಗೆ ಅಂದೂ ಬರುತ್ತಿರಲಿಲ್ಲ. "ಅದ್ ತಪ್ಪ್ ಮಾವ. ಕಮ್ ಡೌನ್ ಫ್ರಮ್ ದ ಟ್ರೀ. ಡೌನ್ ಇಲ್ದಿರೆ ಬಪ್ಪುದ್ ಮಾತ್ರ ಆತ್ತ್, ಇಳಿಯುದ್ ಎಲ್ಲಿ?"

ಮಾವ ನಕ್ಕರು, ಕೈ ಬಿಡಲಿಲ್ಲ. "ನೀ ಸುಮ್ನೆ ಇಪ್ಪವಳಲ್ಲ ಅಂದೇಳಿಯೇ ತಪ್ಪ್ ಹೇಳ್ದೆ. ಶಾಲೆ ಸುರು ಆಪುದ್ರೊಳ್ಗೆ ಬೊಂಬಾಯಿಗೆ ಹೋಪ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಒಳಗೆ ಹೋದಳು. ಊಟಕ್ಕೆ ಕೂತಾಗ ಅಂಜಲ್ ಮೀನಿನ ದೊಡ್ಡ ತುಂಡನ್ನು ಮೊದಲು ನನ್ನ ಬಟ್ಟಲಿಗೆ ಹಾಕಿದಳು, ಹೊರಟು ನಿಂತ ನೆಂಟರಿಗೆ ಬಡಿಸುವ ಹಾಗೆ.