ಹಸಿರು ಚುಕ್ಕೆ

ಕುರ್ಚಿಯ ಮರೆಯಲ್ಲಿ ಫೋನ್ ಹಿಡಿದು ಅವಳು ಹನ್ನೆರಡನೇ ಸಲ ನೋಡಿದಳು. ನಕ್ಷೆಯಲ್ಲಿ ಮಗಳ ಫೋನಿನ ಹಸಿರು ಚುಕ್ಕೆ ಶಾಲೆಯ ಆವರಣ ದಾಟಿರಲಿಲ್ಲ.

ಗಂಟೆ ಒಂಬತ್ತೂ ಐವತ್ತು. ಮಗಳ ಅಪ್ಪನ ಊರಿಗೆ ದಿನಕ್ಕೆ ಒಂದೇ ರೈಲು, ಹನ್ನೊಂದಕ್ಕೆ. ಅದೊಂದು ಮಗಳಿಲ್ಲದೆ ಹೊರಟುಬಿಟ್ಟರೆ ಇವತ್ತಿನ ಗಂಡಾಂತರ ಕಳೆದಂತೆ.

"ಅಪ್ಪನ ಹತ್ರ ಹೋಗ್ತೀನಿ," ಎಂದು ಮಗಳು ನಿನ್ನೆ ತಟ್ಟೆ ತಳ್ಳಿ ಎದ್ದಿದ್ದಳು. "ನೀನು ನನ್ನ ಸಾಕ್ತಾ ಇಲ್ಲಮ್ಮ, ಕಾಯ್ತಾ ಇದ್ದೀಯ." ಅಪ್ಪ ಬೇರೆಯಾಗಿ ಆರು ವರ್ಷ. ಹದಿನಾರು ತುಂಬಿದ ಮಗಳು ತಾನಾಗಿ ಬಂದರೆ ವಾಪಸು ಕಳಿಸುವುದಿಲ್ಲವೆಂದು ಅವನು ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದ. ಹೋದರೆ ಹೋದಂತೆ.

ಹಾಗಾಗಿ ಇವತ್ತು ಅವಳು ಅಂಗಡಿ ತೆರೆಯದೆ ತಾನೇ ಮಗಳನ್ನು ಸ್ಕೂಟರಿನಲ್ಲಿ ಕರೆತಂದಿದ್ದಳು. ಮಗಳು ಅಮ್ಮನ ಚೀಲ ತೊಡೆಯ ಮೇಲಿಟ್ಟುಕೊಂಡು ತುಟಿಪಿಟಕ್ಕೆನ್ನದೆ ಕುಳಿತಿದ್ದಳು. ಗೇಟಿನಲ್ಲಿ ಇಳಿದು, ಚೀಲ ಕೊಟ್ಟು, ಕೊನೆಗೊಂದು ಮಾತಾಡಿದ್ದಳು: "ಬರ್ತೀನಮ್ಮ." ಅಷ್ಟಕ್ಕೇ ತಾಯಿಯ ಜೀವ ತಂಪಾಗಿತ್ತು.

ಸಭಾಂಗಣದಲ್ಲಿ ತಂದೆತಾಯಂದಿರ ಸಭೆ ಕಾವೇರುತ್ತಿತ್ತು. ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಮಕ್ಕಳ ಫೋನುಗಳೆಲ್ಲ ಬೀರುವಿನಲ್ಲಿ ಇರಬೇಕು. ಇದು ಮುಖ್ಯೋಪಾಧ್ಯಾಯಿನಿಯ ಪ್ರಸ್ತಾಪ.

"ಬೀರುವಿನಲ್ಲೇ ಇರಲಿ ಬಿಡಿ ಮೇಡಂ," ಎಂದು ಒಬ್ಬ ತಂದೆ ಎದ್ದುನಿಂತ. "ಲೆಕ್ಕದ ಪಾಠ ನಡೀವಾಗ ನನ್ನ ಮಗ ನನಗೇ ಹಲ್ಲು ಕಿರಿಯೋ ಗೊಂಬೆ ಕಳಿಸ್ತಾನೆ."

"ನೀವು ಆಫೀಸಲ್ಲಿ ಕೂತು ತಿರುಗಿ ಕಳಿಸ್ತೀರಲ್ಲ, ಅದಕ್ಕೆ!" ಹಿಂದಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

ಅವಳು ನಗಲಿಲ್ಲ. ಎದ್ದಳು.

"ನನ್ನದು ಕನ್ನಡಕದ ಅಂಗಡಿ ಮೇಡಂ. ಬೆಳಗ್ಗಿಂದ ಸಂಜೆವರೆಗೂ ಊರವರ ಕಣ್ಣು ನೋಡ್ತೀನಿ. ನನ್ನ ಮಗಳ ಮೇಲೆ ಕಣ್ಣಿಡೋಕೆ ನನಗಿರೋದು ಇದೊಂದೇ." ಫೋನ್ ಎತ್ತಿ ತೋರಿಸಿದಳು. "ಎಲ್ಲಿಗೇ ಹೋಗಲಿ, ಚುಕ್ಕೆ ಹೇಳುತ್ತೆ. ಬೀರುವಿಗೆ ಹಾಕಿದರೆ ನಾನು ಕುರುಡಿಯಾದ ಹಾಗೆ."

"ನೀವು ನೋಡ್ತಿರೋದು ಫೋನನ್ನ, ಅಮ್ಮ. ಮಗೂನ ನೋಡೋಕೆ ನಾವಿದ್ದೀವಿ."

"ಕಳೆದ ವರ್ಷ ಪ್ರವಾಸದಲ್ಲಿ ಇಬ್ಬರು ಮಕ್ಕಳನ್ನ ಬಸ್‌ಸ್ಟ್ಯಾಂಡಲ್ಲೇ ಮರೆತು ಬಂದಿರಲ್ಲ, ಆಗಲೂ ನೀವೇ ಇದ್ದಿರಿ."

ಚಪ್ಪಾಳೆ ಬಿತ್ತು. ಕೈಯೆತ್ತಿಸಿ ಎಣಿಸಿದರು. ಪ್ರಸ್ತಾಪ ಒಂಬತ್ತು ಮತಗಳಿಂದ ಬಿದ್ದುಹೋಯಿತು.

ಹೊರಡುವಾಗ ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ತಡೆದರು. ಮುಖದಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಮುಖ ಯಾಕೋ ಬಾಡಿದೆ. ಟೀಚರ್‌ಗಳೆಲ್ಲ ಸಭೆಯಲ್ಲಿದ್ದರು, ಇನ್ನೂ ಹಾಜರಿ ಕೂಡ ತಗೊಂಡಿಲ್ಲ. ಮಗಳನ್ನ ಕರೆಸಲಾ? ಒಂದ್ಸಲ ಕಣ್ಣಾರೆ ನೋಡಿಕೊಂಡು ಹೋಗಿ."

"ಬೇಡ ಮೇಡಂ. ಅಮ್ಮ ಬಂದು ನಿಂತರೆ ಗೆಳತಿಯರ ಮುಂದೆ ಅವಳಿಗೆ ಅವಮಾನ." ಪರದೆಯನ್ನು ಅವರ ಕಣ್ಣ ಮುಂದೆ ಹಿಡಿದಳು. "ಇಲ್ಲೇ ಇದ್ದಾಳೆ, ನೋಡಿ."

ಗೆದ್ದ ಹುರುಪಿನಲ್ಲಿ ಸ್ಕೂಟರ್ ಹತ್ತಿದಳು. ಫೋನನ್ನು ಹ್ಯಾಂಡಲ್ಲಿನ ಕೊಕ್ಕೆಗೆ ಸಿಕ್ಕಿಸಿದಳು. ಎರಡನೇ ಸಿಗ್ನಲ್‌ನಲ್ಲಿ ಅಭ್ಯಾಸಬಲದಿಂದ ಕಣ್ಣು ಹಾಯಿಸಿದಳು.

ಚುಕ್ಕೆ ಶಾಲೆಯಲ್ಲಿರಲಿಲ್ಲ.

ಅದು ರಸ್ತೆಯ ಮೇಲಿತ್ತು. ಇದೇ ರಸ್ತೆ, ಇದೇ ಸಿಗ್ನಲ್. ತಲೆಯೆತ್ತಿದಳು. ಮುಂದೆ ಒಂದು ಬಸ್ಸು, ಬೆನ್ನ ಮೇಲೆ ಫಲಕ: ರೈಲು ನಿಲ್ದಾಣ.

ಗಂಟೆ ಹತ್ತೂ ನಲವತ್ತೈದು.

ಹಸಿರು ದೀಪ ಬಿತ್ತು. ಬಸ್ಸು ಹೊರಟಿತು, ಹಿಂದೆಯೇ ಅವಳು, ಚುಕ್ಕೆಯೂ ಹೊರಟಿತು. ಬಸ್ಸು ನಿಂತಾಗ ನಿಂತಿತು, ತಿರುಗಿದಾಗ ತಿರುಗಿತು. ಕರೆ ಮಾಡಲು ಬೆರಳು ಚಡಪಡಿಸಿತು. ಬೇಡ. ಅಮ್ಮನ ಹೆಸರು ಕಂಡರೆ ಮಗಳು ಫೋನ್ ಆರಿಸಿಬಿಟ್ಟಾಳು. ಆಮೇಲೆ ಈ ಚುಕ್ಕೆಯೂ ಇಲ್ಲ.

ಕೊನೆಯಿಂದ ಎರಡನೇ ನಿಲ್ದಾಣದಲ್ಲಿ ಬಸ್ಸಿನ ಮೂತಿಗೆ ಸ್ಕೂಟರ್ ಅಡ್ಡ ನಿಲ್ಲಿಸಿ, ಫೋನ್ ಕಿತ್ತುಕೊಂಡು ಮೆಟ್ಟಿಲು ಹತ್ತಿದಳು.

"ಏನಕ್ಕಾ, ಬಸ್ಸಿಗೇ ಅಡ್ಡ ಹಾಕ್ತೀರಾ? ಪ್ರಾಣದ ಮೇಲೆ ಆಸೆ ಇಲ್ವಾ?" ಕಂಡಕ್ಟರ್ ಗದರಿದ.

"ನನ್ನ ಮಗಳು ಒಳಗಿದ್ದಾಳೆ."

ಒಂದೊಂದೇ ಸೀಟು ನೋಡುತ್ತ ನಡೆದಳು. ಕಿಟಕಿಯ ಪಕ್ಕ ಒಂದು ಜಡೆ, ನೀಲಿ ಸಮವಸ್ತ್ರ. ಭುಜ ಹಿಡಿದು ತಿರುಗಿಸಿದಳು. ಬೇರೆ ಮುಖ. "ಯಾರು ಆಂಟಿ ನೀವು? ಬಿಡಿ, ನೋವಾಗುತ್ತೆ."

ಕೊನೆಯ ಸೀಟಿನವರೆಗೂ ಹೋದಳು. ಮರಳಿ ಬಂದಳು. ಬಗ್ಗಿ ಸೀಟುಗಳ ಕೆಳಗೂ ಇಣುಕಿದಳು.

"ಹಾಗೇ ನನ್ನ ಎಡಗಾಲಿನ ಚಪ್ಪಲಿ ಕಂಡರೆ ಕೊಟ್ಟುಬಿಡು ತಾಯಿ," ಎಂದಿತು ಒಂದು ಮುದಿ ಜೀವ. ಅವಳ ಮುಖ ನೋಡಿ ಯಾರೂ ನಗಲಿಲ್ಲ.

ಹತ್ತೂ ಐವತ್ತೇಳು. ಪರದೆಯಲ್ಲಿ ಚುಕ್ಕೆ ಸರಿಯಾಗಿ ಬಸ್ಸಿನ ಮೇಲೆಯೇ ಮಿಡಿಯುತ್ತಿತ್ತು.

"ಇಲ್ಲೇ ಇದ್ದಾಳೆ! ಇದು ಸುಳ್ಳು ಹೇಳಲ್ಲ, ಇಲ್ಲೇ ಎಲ್ಲೋ ಇದ್ದಾಳೆ."

ಕಂಡಕ್ಟರನ ದನಿ ಮೆತ್ತಗಾಯಿತು. "ಅಕ್ಕಾ, ಒಂದು ಫೋನ್ ಮಾಡಿಬಿಡಿ. ಎಲ್ಲಿ ರಿಂಗಾಗುತ್ತೋ ಅಲ್ಲಿ ಹಿಡೀರಿ. ಎಲ್ರೂ ಸ್ವಲ್ಪ ಸುಮ್ಮನಿರ್ರಪ್ಪಾ!"

ಬಸ್ಸು ಉಸಿರು ಬಿಗಿಹಿಡಿಯಿತು. ಅವಳು ಮಗಳ ಹೆಸರನ್ನು ಒತ್ತಿದಳು.

ಅವಳ ಹೆಗಲಿನ ಚೀಲ ರಿಂಗಾಯಿತು.