ಮಾಳವ್ವನ ಮಡು

ಆ ಒಂದು ಹೆಸರಿನ ಬೆನ್ನು ಹತ್ತಿಯೇ ಮಾಸ್ತರರ ಕೂದಲು ಹಣ್ಣಾಗಿತ್ತು. ಶಾಸನದಲ್ಲಿ ಕೆರೆ ಕಟ್ಟಿಸಿದವಳು ಮಾಳವ್ವ, ಬೀಸುವ ಪದದಲ್ಲಿ ಬಾವಿಗೆ ಹಾರಿದವಳು ಮಾಳವ್ವ, ಗುಡ್ಡದ ಮೇಲೆ ಕಲ್ಲಾಗಿ ನಿಂತವಳೂ ಮಾಳವ್ವ. ಈಗ ಹೊಳೆಯ ತಿರುವಿನಲ್ಲಿ ಅವಳದೇ ಹೆಸರಿನ ಆಳವಾದ ಮಡುವೊಂದು ಸಿಕ್ಕಿತ್ತು. ದಡದ ಕಲ್ಲಿಗೆ ಅರಿಶಿನ ಬಳಿದಿತ್ತು, ಮುಂದೆ ಹಸಿರು ಬಳೆಗಳಿದ್ದವು.

ಕಲ್ಲಿನ ಪಕ್ಕ ಕೂತಿದ್ದ ಹೆಂಗಸಿಗೆ ಮಾಸ್ತರರು ಹಿಗ್ಗಿನಿಂದ ಆ ಕತೆಗಳನ್ನೆಲ್ಲ ಹೇಳಿದರು. ಕೊನೆಯತನಕ ಕೇಳಿಸಿಕೊಂಡ ಆಕೆ ತಲೆಯೆತ್ತಿದಳು.

"ಇಷ್ಟೆಲ್ಲಾ ಹೇಳಿದ್ರಿ, ಯಾವ ಕತ್ಯಾಗೂ ಆಕಿ ಅವ್ವ ಬರಲೇ ಇಲ್ಲಲ್ರೀ?"

ಇಷ್ಟು ವರ್ಷ ಅಲೆದರೂ ಈ ಪ್ರಶ್ನೆ ಮಾಸ್ತರರಿಗೆ ಹೊಳೆದಿರಲಿಲ್ಲ.

"ಭಾಳ ಹಿಂದಿನ ಮಾತಲ್ಲೇನವ್ವಾ, ಅದನ್ನೆಲ್ಲಾ ಯಾರು ನೆನಪಿಡ್ತಾರ? ಈ ಮಡುವಿಗೆ ಹೆಸರು ಬಂದು ಎಷ್ಟು ನೂರು ವರ್ಷ ಆತೋ ಏನೋ!"

ಆಕೆ ಬಳೆಯೊಂದನ್ನು ಎತ್ತಿಕೊಂಡು ಸೆರಗಿನಿಂದ ಧೂಳು ಒರೆಸಿದಳು.

"ನೂರಲ್ರೀ, ಬರೋ ಉಗಾದಿಗೆ ಮೂರು. ಅದಕಿಂತ ಮೊದಲ ಆ ಹೆಸರು ಹಿಡಿದು ಕರದ್ರ, ನನ್ನ ಮಗಳು ಮನಿ ಒಳಗಿಂದ ‘ಓ’ ಅಂತಿದ್ಲು."